ಐದನೇ ಜಾಗದ ಕೂಗು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರುಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಬದುಕಿನ ಬಹುಪಾಲು ವಾಲಿಬಾಲ್ ಅಂಕಣದಲ್ಲೇ ಕಳೆದವನಿಗೆ ಆಟಗಾರರ ಮೂಢನಂಬಿಕೆಗಳು ಹೊಸತಲ್ಲ. ಒಬ್ಬ ಎಡಗಾಲಿನ ಬೂಟನ್ನೇ ಮೊದಲು ಹಾಕುತ್ತಾನೆ, ಇನ್ನೊಬ್ಬ ಗೆದ್ದ ದಿನದ ಸಾಕ್ಸನ್ನು ತೊಳೆಯುವುದೇ ಇಲ್ಲ. ಆ ಸಾಕ್ಸಿನ ವಾಸನೆಗಿಂತ ದೊಡ್ಡ ದೆವ್ವ ಬೇರೆ ಇಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಂಥವನು ಇದನ್ನು ಬರೆದು, ನೀವು ನಂಬಿ ಎಂದರೆ ಯಾವ ಮುಖವಿಟ್ಟುಕೊಂಡು ಹೇಳಲಿ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನನ್ನ ಬಗ್ಗೆ ನಾನು ಯಾರಿಗೂ ಹೇಳದ ಒಂದು ವಿಷಯವೂ ಇದರಲ್ಲಿ ಬರುತ್ತದೆ.

ಕೆಲವು ವರ್ಷಗಳ ಹಿಂದೆ, ನೌಕರಿ ಬಿಟ್ಟ ಮೇಲೆ, ಮುಂಬಯಿಯ ಒಂದು ಖಾಸಗಿ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದ್ದೆ. ಅಕ್ಟೋಬರಿನಲ್ಲಿ ಶುರುವಾಗುವ ಸೀಸನ್ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಆ ಸಲ ಬಲ್ಗೇರಿಯಾದಿಂದ ಪ್ಲಾಮೆನ್ ಎಂಬ ಆಟಗಾರನನ್ನು ಕರೆಸಿದ್ದರು. ವಯಸ್ಸು ಮೂವತ್ತನಾಲ್ಕು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಹತ್ತು ವರ್ಷದಲ್ಲಿ ಏಳು ದೇಶಗಳಲ್ಲಿ ಆಡಿದ್ದ. ಪವಾಯಿಯಲ್ಲಿ ಕೆರೆ ಕಾಣುವ ಫ್ಲ್ಯಾಟ್ ಕೊಟ್ಟಿದ್ದರು. ನನಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅವನ ಊಟ, ಔಷಧಿ, ಓಡಾಟ ಎಲ್ಲವೂ ನನ್ನ ತಲೆಗೆ ಬಿತ್ತು.

ಮೊದಲ ತಿಂಗಳು ಮಜವಾಗಿಯೇ ಇತ್ತು. ಮೊಸರೆಂದರೆ ತಮ್ಮ ದೇಶದ್ದೇ ಮೊಸರು ಎಂದು ಅವನ ಜಂಬ. ಅಲ್ಲೇ ಹತ್ತಿರ ಉಡುಪಿ ಕಡೆಯ ಶೆಟ್ಟರೊಬ್ಬರು ನಡೆಸುತ್ತಿದ್ದ ಹೋಟೆಲಿನಲ್ಲಿ ಒಂದು ಬಟ್ಟಲು ಮೊಸರು ತಿಂದು ಮೂಗು ಮುರಿದ. ಶೆಟ್ಟರು, "ಎಂತ ಮಾರಾಯ್ರೆ, ಇವರಿಗೆ ನಾಳೆ ಮೊಸರನ್ನ ಕೊಟ್ಟು ನೋಡುವ," ಎಂದರು. ಮೂರನೇ ವಾರಕ್ಕೆ ಅವನಿಗೆ ದಿನಾ ಮಧ್ಯಾಹ್ನ ಮೊಸರನ್ನವೇ ಆಗಬೇಕು, ಮೇಲೆ ಮಿಡಿ ಉಪ್ಪಿನಕಾಯಿ ಬೇರೆ.

ಡಿಸೆಂಬರ್ ಹೊತ್ತಿಗೆ ಆ ಹುರುಪು ಇಳಿಯಿತು. ಪರದೇಶದಲ್ಲಿ ಆಡುವವರ ಬದುಕನ್ನು ನಾವು ಟಿವಿಯಲ್ಲಿ ಕಾಣುವುದೇ ಬೇರೆ, ಅದು ಇರುವುದೇ ಬೇರೆ. ಅಭ್ಯಾಸ, ಪಂದ್ಯ, ವಿಮಾನ, ಮತ್ತೆ ಅಭ್ಯಾಸ. ಮಿಕ್ಕ ಹೊತ್ತಿನಲ್ಲಿ ಎರಡೂ ಮಂಡಿಗೆ ಐಸ್ ಕಟ್ಟಿಕೊಂಡು ಕಿಟಕಿಯ ಪಕ್ಕ ಕುರ್ಚಿ ಎಳೆದು ಕೂತಿರುತ್ತಿದ್ದ. ಆರು ವರ್ಷದ ಮಗಳು ಫೋನಿನಲ್ಲಿ ಬಿದ್ದ ಹಲ್ಲು ತೋರಿಸಿದರೆ ಚಪ್ಪಾಳೆ ತಟ್ಟುತ್ತಿದ್ದ. ಫೋನ್ ಇಟ್ಟ ಮೇಲೆ ಮತ್ತೆ ಮಂಡಿಗೆ ಐಸ್ ಕಟ್ಟಿಕೊಳ್ಳುತ್ತಿದ್ದ. ಈ ಸೀಸನ್ ಪೂರ್ತಿ ಮಾಡಿದರೆ ಊರಿನ ಕ್ಲಬ್ಬಿನಲ್ಲಿ ಮಕ್ಕಳ ಕೋಚ್ ಕೆಲಸ ಕೊಡುವುದಾಗಿ ಮಾತಾಗಿತ್ತು. ನಡುವೆ ತಂಡ ಕೈಬಿಟ್ಟರೆ ಅದೂ ಇಲ್ಲ. ನಡು ಸೀಸನ್ನಿನಲ್ಲಿ ವಾಪಸು ಕಳಿಸಿದ ಆಟಗಾರನೆಂದರೆ, ಸಂತೆಯಲ್ಲಿ ಹಲ್ಲು ನೋಡಿ ಬಿಟ್ಟುಹೋದ ಎತ್ತಿನ ಹಾಗೆ; ಆಮೇಲೆ ಬಂದವರೂ ಅನುಮಾನದಿಂದಲೇ ನೋಡುತ್ತಾರೆ.

ನಮ್ಮ ಅಭ್ಯಾಸ ವಡಾಲದಲ್ಲಿ. ಈಗ ತಗಡಿನ ಮಾಡಿನ ಒಳಾಂಗಣವಾಗಿರುವ ಆ ಜಾಗ, ನಾನು ಆಡುತ್ತಿದ್ದ ಕಾಲಕ್ಕೆ ಬಯಲು. ಕೆಂಪು ಮಣ್ಣಿನ ಅಂಕಣ, ಬಂದರಿನ ಕಡೆಯಿಂದ ಉಪ್ಪು ಗಾಳಿ.

ಆಟ ಗೊತ್ತಿಲ್ಲದವರಿಗಾಗಿ ಒಂದು ಮಾತು. ಅಂಕಣದ ಹಿಂಬದಿಯ ಎಡ ಮೂಲೆಗೆ ಐದನೇ ಜಾಗ ಎನ್ನುತ್ತಾರೆ. ಇಬ್ಬರ ನಡುವೆ ಚೆಂಡು ಬಂದಾಗ ತೆಗೆದುಕೊಳ್ಳುವವನು "ನನ್ನದು" ಎಂದು ಕೂಗಬೇಕು. ಕೂಗು ಬಿತ್ತೆಂದರೆ ಇನ್ನೊಬ್ಬ ಬಿಡಲೇಬೇಕು, ಇಲ್ಲದಿದ್ದರೆ ಇಬ್ಬರೂ ಡಿಕ್ಕಿ ಹೊಡೆದು ಬೀಳುತ್ತಾರೆ. ಎಳೆಯ ಹುಡುಗರಿಗೂ ಮೊದಲ ದಿನವೇ ಕಲಿಸುವ ಪಾಠ ಇದು.

ದೀಪಾವಳಿ ಕಳೆದ ಮೇಲೆ ಪ್ಲಾಮೆನ್ ಆ ಮೂಲೆಯ ಚೆಂಡುಗಳನ್ನು ಬಿಡಲು ಶುರುಮಾಡಿದ. ಅದೂ ಈ ವಡಾಲದ ಅಂಕಣದಲ್ಲಿ ಮಾತ್ರ. ಕೈಗೆ ಬರುವ ಚೆಂಡು, ಒಂದು ಹೆಜ್ಜೆ ಇಡುತ್ತಿದ್ದ, ಇದ್ದಕ್ಕಿದ್ದಂತೆ ನಿಂತು ದಾರಿ ಬಿಡುತ್ತಿದ್ದ. ಚೆಂಡು ಖಾಲಿ ನೆಲಕ್ಕೆ ಬೀಳುತ್ತಿತ್ತು. ನಮ್ಮ ಮುಖ್ಯ ಕೋಚ್ ಮರಾಠಿಯವರು, ಮೂಗಿನ ತುದಿಯಲ್ಲೇ ಸಿಟ್ಟು. "ಅರೆ, ಕ್ಯಾ ಕರ್ ರಹಾ ಹೈ? ಬಾಲ್ ತೇರಾ ಥಾ!" ಎಂದು ಸೀಟಿ ನೆಲಕ್ಕೆ ಎಸೆಯುತ್ತಿದ್ದರು. ಕಣ್ಣಿನ ಪರೀಕ್ಷೆ ಮಾಡಿಸಿದೆವು, ಕಿವಿಯ ಪರೀಕ್ಷೆಯೂ ಆಯಿತು. ಎಲ್ಲ ಸರಿಯಿತ್ತು. ನಮ್ಮ ತಂಡದ ತವರು ಪಂದ್ಯಗಳೂ ಅಲ್ಲೇ ಇದ್ದವು. ಎರಡನ್ನು ಅದೇ ಮೂಲೆಯಲ್ಲಿ ಸೋತೆವು.

ಒಂದು ದಿನ ಕಾರಿನಲ್ಲಿ ಪವಾಯಿಗೆ ವಾಪಸಾಗುವಾಗ ಅವನು ಕೇಳಿದ: "ಕೋಚ್, ಐದನೇ ಜಾಗದಲ್ಲಿ ಕೂಗುವವನು ಯಾರು?" ಅಲ್ಲಿ ಕೂಗುವವರು ಯಾರೂ ಇರಲಿಲ್ಲ. ದಪ್ಪ ದನಿ, ವಯಸ್ಸಾದವನ ದನಿ, ಪ್ರತಿ ಸಲವೂ ಅದೇ ಮಾತು ಎಂದ. ಏನು ಮಾತು ಎಂದೆ. ತೊದಲುತ್ತಾ, ಆದರೆ ರಾಗ ಒಂಚೂರೂ ತಪ್ಪದೆ ಅಂದು ತೋರಿಸಿದ.

"ನಂದೈತಿ, ಬಿಡೋ ತಮ್ಮಾ."

ತಂಡದಲ್ಲಿ ಕನ್ನಡದವನು ನಾನೊಬ್ಬನೇ. ಅರ್ಥವೇನು ಎಂದು ಕೇಳಿದ. ಹೇಳಿದೆ. "ನಾನು ಹುಚ್ಚನಲ್ಲ ಅಂತಾಯ್ತು, ಇದು ನಿಜವಾದ ಭಾಷೆ," ಎಂದು ಎದೆ ಹಗುರಾದವನಂತೆ ನಕ್ಕ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಹಾಗೆ ಕೂಗುತ್ತಿದ್ದವನು ಒಬ್ಬನೇ, ಶರಣಪ್ಪ. ಬಾಗಲಕೋಟೆ ಕಡೆಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ಇಬ್ಬರೂ ಆಟದ ಕೋಟಾದಲ್ಲಿ ಒಂದೇ ಇಲಾಖೆಗೆ ತಾತ್ಕಾಲಿಕವಾಗಿ ಸೇರಿದ್ದೆವು, ಒಂದೇ ಖೋಲಿಯಲ್ಲಿ ರೊಟ್ಟಿ ತಟ್ಟಿಕೊಂಡು ತಿನ್ನುತ್ತಿದ್ದೆವು. ನನಗೆ ಅವನು ಅಣ್ಣ, ಅವನಿಗೆ ನಾನು ತಮ್ಮ. ಯಾರ ನೌಕರಿ ಕಾಯಂ ಆಗಬೇಕೆಂದು ನಿರ್ಧರಿಸುವ ಪಂದ್ಯದಲ್ಲಿ, ಅದೇ ವಡಾಲದ ಬಯಲಿನಲ್ಲಿ, ನಮ್ಮಿಬ್ಬರ ನಡುವೆ ಒಂದು ಚೆಂಡು ಬಂತು. ಇಬ್ಬರೂ ಹಾರಿದೆವು. ನನ್ನ ಭುಜ ಅವನ ಮಂಡಿಗೆ ಪಕ್ಕದಿಂದ ಬಡಿಯಿತು. ಮುರಿದ ಸದ್ದು ನನಗೆ ಇನ್ನೂ ನೆನಪಿದೆ. ತಪ್ಪು ಅವನದೇ ಎಂದು ತೀರ್ಮಾನವಾಯಿತು. ಹಿರಿಯನಾಗಿ ಕೂಗದೆ ಚೆಂಡಿಗೆ ಹೋದನಂತೆ. ನಾನು ಕಾಯಂ ಆದೆ. ಅವನು ಕುಂಟುತ್ತಾ ಹೋಗಿ, ಊರಿನ ಇನ್ನೊಂದು ತುದಿಯ ಮುಲುಂಡ್‌ನಲ್ಲಿ ಯಾವುದೋ ಬಿಲ್ಡಿಂಗಿಗೆ ವಾಚ್‌ಮನ್ ಆದ.

ಮದುವೆಯಾಗಿ ನಾನೂ ಮುಲುಂಡ್‌ಗೇ ಬಂದು ನೆಲೆಸಿದೆ. ನಾನು ಸ್ಟೇಷನ್ನಿನ ಪೂರ್ವಕ್ಕೆ, ಅವನು ಪಶ್ಚಿಮಕ್ಕೆ. ಇಷ್ಟು ವರ್ಷ ನಾನು ಪಶ್ಚಿಮದ ಕಡೆ ಇಳಿದದ್ದು ಲೆಕ್ಕಕ್ಕೆ ಸಿಗುವಷ್ಟು ಸಲ ಮಾತ್ರ. ಕೆಲಸವಿರಲಿಲ್ಲ ಎಂದು ಹೇಳಬಹುದು. ಹೇಳಿಕೊಂಡೂ ಇದ್ದೆ.

ಪ್ಲಾಮೆನ್ ಆ ಮಾತು ಆಡಿದ ಮರುದಿನ ಪಶ್ಚಿಮಕ್ಕೆ ಇಳಿದೆ. ಶರಣಪ್ಪನೇ ವಡಾಲಕ್ಕೆ ಬಂದು ಎಲ್ಲಾದರೂ ಮರೆಯಲ್ಲಿ ನಿಂತು ಕೂಗುತ್ತಿದ್ದಾನೆಯೇ ಎಂಬ ಹುಚ್ಚು ಅನುಮಾನ ನನಗೆ. ಅವರಿವರನ್ನು ಕೇಳಿಕೊಂಡು ಹೋಗಿ ಮನೆ ಹುಡುಕಿದೆ. ಚಾಳಿನ ಕೊನೆಯ ಖೋಲಿ. ಬಾಗಿಲು ತೆರೆದವರು ಅವನ ಹೆಂಡತಿ ಗೌರವ್ವ. ಅವನು ಮಂಚದ ಮೇಲೆ ಮಲಗಿದ್ದ, ಬಲಗೈ ಕಟ್ಟಿಗೆಯಂತೆ ಬಿದ್ದಿತ್ತು.

"ದೀಪಾವಳಿ ಪಾಡ್ಯಾದ ದಿನ ಲಕ್ವಾ ಹೊಡೀತ್ರಿ ಅಣ್ಣಾರ," ಎಂದರು ಗೌರವ್ವ. "ಅವತ್ತಿನಿಂದ ಒಂದ್ ಮಾತಿಲ್ಲ. ಎಲ್ಲಾ ತಿಳೀತೈತಿ ಅಂತಾರ ಡಾಕ್ಟರು. ದನಿ ಅಷ್ಟ ಹೋಗೇತಿ."

ಶರಣಪ್ಪ ನನ್ನನ್ನೇ ನೋಡುತ್ತಿದ್ದ. ಗುರುತು ಹಿಡಿದಿದ್ದ, ಅದರಲ್ಲಿ ಸಂಶಯವಿಲ್ಲ. ನಾನು ಐದು ನಿಮಿಷವೂ ಕೂರಲಿಲ್ಲ. ಹೊರಡುವಾಗ ಗೌರವ್ವ, "ಇಲ್ಲೇ ಇದ್ರಂತ. ಇಷ್ಟ್ ವರ್ಷದಾಗ ಒಮ್ಮೆರ ಬರಬಾರದಿತ್ತೇನ್ರಿ?" ಎಂದರು. ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದೆ.

ಆಗಲೂ ನಾನು ನಂಬಲಿಲ್ಲ. ಅಭ್ಯಾಸದ ಜಾಗದ ಪಕ್ಕ ಒಂದು ಟವರ್ ಏಳುತ್ತಿತ್ತು. ಅಲ್ಲಿ ದುಡಿಯುವವರು ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಅವರಲ್ಲಿ ಯಾರೋ ಕೂಗಿದ್ದು ತಗಡಿಗೆ ಬಡಿದು ಒಳಗೆ ಕೇಳಿಸುತ್ತಿರಬೇಕು ಎಂದುಕೊಂಡೆ. ಪರೀಕ್ಷಿಸಿಯೇ ಬಿಡೋಣವೆಂದು ಅವರಿಗೆ ರಜೆಯಿರುವ ದಿನ ನೋಡಿದೆ. ಅದು ಅಮಾವಾಸ್ಯೆ. ನಗಬೇಡಿ, ಗಾರೆ ಕೆಲಸದವರಿಗೆ ಅದು ರಜೆಯ ದಿನ, ಅಷ್ಟೇ. ತಂಡಕ್ಕೂ ಅಂದು ವಿಶ್ರಾಂತಿ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಪ್ಲಾಮೆನ್ ಮತ್ತು ನಾನು ಇಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಫ್ಯಾನುಗಳನ್ನೂ ಆರಿಸಿದೆ.

ಅವನನ್ನು ಹಿಂಬದಿಯ ನಡುವೆ ನಿಲ್ಲಿಸಿ, ಐದನೇ ಜಾಗ ಖಾಲಿ ಬಿಟ್ಟು, ಬಲೆಯ ಈಚೆಯಿಂದ ನಾನು ಸರ್ವ್ ಮಾಡುತ್ತಾ ಹೋದೆ. ಆರು, ಏಳು ಚೆಂಡುಗಳನ್ನು ಅವನು ಸಲೀಸಾಗಿ ಎತ್ತಿದ. ಮುಂದಿನದು ಆ ಮೂಲೆಯ ಕಡೆಗೆ ತೇಲಿಕೊಂಡು ಹೋಯಿತು. ಅವನು ಹೆಜ್ಜೆಯಿಟ್ಟ.

"ನಂದೈತಿ, ಬಿಡೋ ತಮ್ಮಾ!"

ನನಗೆ ಕೇಳಿಸಿತು. ದೂರದಿಂದ ಅಲ್ಲ, ಹೊರಗಿನಿಂದ ಅಲ್ಲ. ಆ ಖಾಲಿ ಮೂಲೆಯಿಂದ, ಎದೆ ತುಂಬಿ ಕೂಗಿದ ಕೂಗು. "ತಮ್ಮಾ" ಎನ್ನುವಾಗ ಶರಣಪ್ಪನ ದನಿ ಕೊನೆಗೆ ಸ್ವಲ್ಪ ಒಡೆಯುತ್ತಿತ್ತು. ಅದೂ ಹಾಗೇ ಒಡೆಯಿತು. ಪ್ಲಾಮೆನ್ ನಿಂತ, ಚೆಂಡು ಬಿತ್ತು, ಪುಟಿಯುತ್ತಾ ಗೋಡೆಗೆ ಹೋಯಿತು. ಅವನು ತಿರುಗಿ ನನ್ನ ಮುಖ ನೋಡಿದ. ನನಗೂ ಕೇಳಿಸಿದೆ ಎಂದು ನನ್ನ ಮುಖವೇ ಹೇಳಿರಬೇಕು. ಇಬ್ಬರೂ ಚೆಂಡುಗಳನ್ನು ಚೀಲಕ್ಕೆ ತುಂಬಿ ಹೊರಗೆ ಬಂದೆವು. ಬೀಗ ಅವನೇ ಹಾಕಿದ.

ಮುಂದಿನ ವಾರ ಇನ್ನೊಂದು ಪಂದ್ಯ ಸೋತೆವು. ತಂಡದ ಮಾಲೀಕರ ಕಡೆಯವರು ಮೀಟಿಂಗ್ ಕರೆದರು. ಚೆಂಡು ಬಿಡುವುದು ಏಕೆ ಎಂದು ನೇರವಾಗಿ ಕೇಳಿದಾಗ ಪ್ಲಾಮೆನ್ ಇದ್ದದ್ದನ್ನು ಹೇಳಿದ. ಯಾರೋ ನಕ್ಕರು. ಅವನು ನನ್ನತ್ತ ಕೈ ತೋರಿಸಿ, "ಇವರಿಗೂ ಕೇಳಿಸಿದೆ. ಕೇಳಿ," ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಮುಖ್ಯ ಕೋಚ್, "ಬೋಲೋ ಭಾಯಿ, ಸುನಾ ಕ್ಯಾ ಆಪ್‌ನೇ?" ಎಂದರು.

ಇಂಥದೇ ಒಂದು ಕೋಣೆಯಲ್ಲಿ, ಇಪ್ಪತ್ತೈದು ವರ್ಷದ ಹುಡುಗನಾಗಿದ್ದಾಗ, ನಾನು ಹೀಗೇ ನಿಂತಿದ್ದೆ. ಶರಣಪ್ಪ ಆಸ್ಪತ್ರೆಯಲ್ಲಿದ್ದ. ಅವನು ಕೂಗಿದನೋ ಇಲ್ಲವೋ ಎಂದು ಇಲಾಖೆಯ ಕ್ರೀಡಾಧಿಕಾರಿ ಕೇಳಿದ್ದರು. ಅವನು ಕೂಗಿದ್ದ. ಎಂದಿನಂತೆ ಗಂಟಲು ಬಿಚ್ಚಿ ಕೂಗಿದ್ದ. ಆಯ್ಕೆದಾರರ ಕಣ್ಣಿಗೆ ಬೀಳಬೇಕೆಂಬ ಆಸೆಗೆ ನಾನೇ ಚೆಂಡು ಬಿಟ್ಟಿರಲಿಲ್ಲ. ಹಾಗಿದ್ದೂ "ನನಗೆ ಕೇಳಿಸಲಿಲ್ಲ ಸರ್" ಎಂದಿದ್ದೆ. ಮುಂದೆ ಶರಣಪ್ಪ ಅದರ ಬಗ್ಗೆ ಒಂದು ದಿನವೂ ನನ್ನನ್ನು ಕೇಳಲಿಲ್ಲ.

ಈ ಸಲ ಹೇಳಿದ್ದರೆ ಹಳೆಯದೆಲ್ಲ ಹೊರಗೆ ಬರುತ್ತಿತ್ತು ಎಂದೇನಲ್ಲ, ಅಲ್ಲಿ ಯಾರಿಗೂ ಶರಣಪ್ಪನ ಹೆಸರೇ ಗೊತ್ತಿರಲಿಲ್ಲ. ಹುಚ್ಚನೆನ್ನುತ್ತಾರೆ, ಕೆಲಸ ಹೋಗುತ್ತದೆ, ಅಷ್ಟೇ ಭಯ. ನಾನು ಹಿಂದಿಯಲ್ಲೇ ಹೇಳಿದೆ: "ಇಲ್ಲ, ನನಗೇನೂ ಕೇಳಿಸಲಿಲ್ಲ." ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಪಕ್ಕದ ಸೈಟಿನಲ್ಲಿ ಕನ್ನಡದ ಕೂಲಿಯವರಿದ್ದಾರೆ, ಇವನು ಆ ಮಾತನ್ನು ಅವರಿಂದ ಕಲಿತಿರಬೇಕು ಎಂದೂ ಸೇರಿಸಿದೆ. ಪ್ಲಾಮೆನ್‌ಗೆ ಹಿಂದಿ ಬರುತ್ತಿರಲಿಲ್ಲ. ಆದರೆ ನನ್ನ ತಲೆ ಅಡ್ಡಡ್ಡ ಆಡಿದ್ದು ಅವನಿಗೆ ಅರ್ಥವಾಯಿತು.

ಫೆಬ್ರವರಿ ಮೊದಲ ವಾರ ಅವನನ್ನು ಕಳಿಸಿದರು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನೂ ನಾನೇ. ಟ್ರಾಲಿಗೆ ಚೀಲ ಇಟ್ಟ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಸಿಟ್ಟೇ ಇಲ್ಲದ ದನಿಯಲ್ಲಿ ಕೇಳಿದ: "ಕೋಚ್, ಅವನು ನಿನಗೆ ಯಾರು?" ನಾನು ಟ್ರಾಲಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಟ್ಟೆ. ಅಷ್ಟೆತ್ತರದ ಬಾಗಿಲಲ್ಲೂ ಅವನು ಅಭ್ಯಾಸಬಲದಿಂದ ತಲೆ ಬಗ್ಗಿಸಿ ಒಳಗೆ ಹೋದ.

ಅಲ್ಲಿಂದ ಮನೆಗೆ ಹೋಗಲಾಗಲಿಲ್ಲ. ಸೀದಾ ಮುಲುಂಡ್ ಪಶ್ಚಿಮಕ್ಕೆ ಹೋದೆ. ಶರಣಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತು, "ಅಣ್ಣಾ, ಅವತ್ತು ನೀ ಕೂಗಿದ್ದಿ. ನನಗ ಕೇಳಿತ್ತು. ಸುಳ್ಳು ಹೇಳಿದೆ," ಎಂದೆ. ಅವನ ಕಣ್ಣು ಸೂರಿನ ಕಡೆಗಿತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಗೌರವ್ವ ಒಲೆಯ ಮುಂದಿನಿಂದ ಎದ್ದು ಬಂದು ನಿಂತಿದ್ದರು.

"ಅವರಿಗ್ ಬಾಯಿದ್ದಾಗ ಹೇಳಬೇಕಿತ್ರಿ ಅಣ್ಣಾರ," ಎಂದರು. ಅಳಲಿಲ್ಲ, ಬೈಯಲಿಲ್ಲ. ಚಹಾ ಕೊಟ್ಟರು. ಕುಡಿದೆ.

ಅದೇ ಮಳೆಗಾಲದಲ್ಲಿ ಶರಣಪ್ಪ ತೀರಿಕೊಂಡ. ನಾನು ತಂಡ ಬಿಟ್ಟೆ. ಈಗ ಅಲ್ಲಿ ಕೂಗು ಕೇಳಿಸುತ್ತದೆಯೋ ಏನೋ ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ. ಪ್ಲಾಮೆನ್‌ಗೆ ಎಲ್ಲವನ್ನೂ ಬರೆದು ಕಳಿಸಿದೆ, ಉತ್ತರ ಬರಲಿಲ್ಲ. ಮಾತು ನಿಂತವನ ದನಿ ಮುಲುಂಡ್‌ನಿಂದ ವಡಾಲಕ್ಕೆ ಹೇಗೆ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ತಲೆಗೆ ಹೊಳೆಯುವುದಿಲ್ಲ. ಬಂದದ್ದೇ ಆದರೆ ನನ್ನನ್ನು ಹುಡುಕಿಕೊಂಡು ಬರಬೇಕಿತ್ತು. ಯಾವುದೋ ದೇಶದ, ಏನೂ ಅರಿಯದ ಒಬ್ಬನ ಕಿವಿಗೆ ಅದು ಮೊದಲು ಏಕೆ ಬಿತ್ತು? ಅವನು ಮಾತ್ರ ಪ್ರತಿ ಸಲವೂ ಆ ಕೂಗಿಗೆ ಚೆಂಡು ಬಿಟ್ಟುಕೊಟ್ಟ.