ಹಳದಿ ಟೇಪಿನ ಗಂಟು

ಅವನ ಹೆಸರು ಲಾರಿ ಸ್ಟ್ಯಾಂಡಿನಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಹಳದಿ. ಬೇರೆ ಎಲೆಕ್ಟ್ರಿಷಿಯನ್ನರು ವೈರು ಕೂಡಿಸಿದ ಕಡೆ ಕೈಗೆ ಸಿಕ್ಕಿದ ಕರಿ ಟೇಪು ಸುತ್ತಿ ಬಿಡುತ್ತಿದ್ದರು. ಇವನು ಹಳದಿ ಟೇಪನ್ನೇ ಹುಡುಕಿ ತಂದು ಸುತ್ತಿ, ತುದಿ ಬಿಚ್ಚಿಕೊಳ್ಳದಿರಲಿ ಎಂದು ಮೇಲೊಂದು ನೂಲಿನ ಗಂಟು ಹಾಕುತ್ತಿದ್ದ. ಹನ್ನೆರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು ಸ್ವಂತ ಶೆಡ್ಡು ಹಾಕಿದ ದಿನ ಶುರುವಾದ ಅಭ್ಯಾಸ ಅದು. ‘ಹಳದಿ ಕಂಡ ಕಡೆ ಬಿಚ್ಚಬೇಡಿ, ಅಲ್ಲಿ ತಪ್ಪಿರಲ್ಲ, ಬೇರೆ ಕಡೆ ಹುಡುಕಿ’ ಎಂದು ಎಲ್ಲರಿಗೂ ಹೇಳುತ್ತಿದ್ದ. ಜಂಬದ ಮಾತೇ ಆದರೂ ಅದುವರೆಗೆ ಸುಳ್ಳಾಗಿರಲಿಲ್ಲ. ಹಾಗಾಗಿ ದೂರದೂರುಗಳ ಮೆಕ್ಯಾನಿಕ್‌ಗಳು ಕೂಡ ಆ ಗಂಟನ್ನು ಮುಟ್ಟದೆ ಬಿಡುತ್ತಿದ್ದರು.

ಆ ದಿನ ಬೆಳಿಗ್ಗೆ ಅವನ ಶೆಡ್ಡಿಗೆ ಒಂದು ಲಾರಿಯನ್ನು ಇನ್ನೊಂದು ಲಾರಿ ಎಳೆದುಕೊಂಡು ಬಂತು. ಕೆಟ್ಟು ನಿಂತ ಲಾರಿಯ ಸ್ಟೇರಿಂಗ್ ಹಿಡಿದು ಕೂತಿದ್ದವನು ಅವನ ಭಾವ, ಒಡಹುಟ್ಟಿದ ಅಕ್ಕನ ಗಂಡ. ಐದು ತಿಂಗಳಲ್ಲಿ ಇದು ಮೂರನೆಯ ಸಲ. ಮೂರು ಸಲವೂ ಒಂದೇ ಕಾಯಿಲೆ. ಓಡುತ್ತಿದ್ದ ಗಾಡಿ ಏರಿನಲ್ಲಿ ಕೆಮ್ಮಿ, ಉಸಿರು ಕಟ್ಟಿ, ರಸ್ತೆ ನಡುವೆಯೇ ನಿಂತುಬಿಡುತ್ತಿತ್ತು. ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ತಳ್ಳುವ ಕರೆಂಟಿನ ಪಂಪು ತಿರುಗುತ್ತಿರಲಿಲ್ಲ.

ಹಿಂದಿನ ಎರಡು ಸಲವೂ ಪರೀಕ್ಷೆ ಮಾಡಿದವನು ಹಳದಿಯೇ. ಪಂಪಿಗೆ ಹೋಗುವ ವೈರಿಗೆ ತನ್ನ ಬಲ್ಬು ಹಿಡಿದು ನೋಡಿದ್ದ, ಬಲ್ಬು ಝಗ್ಗನೆ ಹತ್ತಿತ್ತು. ಕರೆಂಟು ಬಂದೂ ಪಂಪು ತಿರುಗದಿದ್ದರೆ ಪಂಪು ಸತ್ತಿದೆ ಎಂದೇ ಅರ್ಥ. ಹೊಸದು ಹಾಕಿಸಿದ್ದರು, ಗಾಡಿ ಓಡಿತ್ತು. ಎರಡನೆಯ ಸಲ ಲಾರಿಯ ಯಜಮಾನಿ ಕಾರಣ ಕೇಳಿದಾಗ ಅವನು ಕೈ ಒರೆಸಿಕೊಳ್ಳುತ್ತಲೇ ಒಂದು ಮಾತು ಅಂದಿದ್ದ: “ಕರೆಂಟಂತೂ ಸರಿಯಾಗಿದೆ ಅಮ್ಮಾವ್ರೆ. ಪಂಪು ಪದೇ ಪದೇ ಸುಡ್ತಿದೆ ಅಂದ್ರೆ ಡೀಸೆಲ್ಲಲ್ಲೇ ಏನೋ ಇರಬೇಕು.”

ಆ ಮಾತು ನಾಲಿಗೆ ಮೇಲಿಂದ ಜಾರಿ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ಲಾರಿಗಳನ್ನು ಒಬ್ಬಳೇ ನಡೆಸುತ್ತಿದ್ದ ಆ ಯಜಮಾನಿ ಯಾವ ಮಾತನ್ನೂ ನೆಲಕ್ಕೆ ಬೀಳಲು ಬಿಡುವವಳಲ್ಲ. ಡೀಸೆಲ್ ತುಂಬಿಸುವವನು ಡ್ರೈವರು, ಅಂದರೆ ಭಾವ. ಒಳ್ಳೆಯದನ್ನು ದಾರಿಯಲ್ಲಿ ಮಾರಿ ಕಲಬೆರಕೆ ತುಂಬಿಸುತ್ತಿದ್ದಾನೆ ಎಂದು ಅವಳು ಲೆಕ್ಕ ಹಾಕಿದಳು. ಇನ್ನೊಂದು ಸಲ ಪಂಪು ಹೋದರೆ ಗಾಡಿ ಕೀಲಿ ವಾಪಸ್ ಕೊಟ್ಟು ಮನೆಗೆ ಹೋಗು ಎಂದು ಉಳಿದ ಡ್ರೈವರುಗಳ ಎದುರಿಗೇ ಹೇಳಿದಳು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನ ಮೇಲೆ ಕಳ್ಳತನದ ಮಾತು ಬಂದರೆ ಆ ಸ್ಟ್ಯಾಂಡಿನಲ್ಲಿ ಮತ್ಯಾರೂ ಗಾಡಿ ಕೊಡುವುದಿಲ್ಲ. ಅಂದಿನಿಂದ ಅಕ್ಕ ತಮ್ಮನ ಮನೆಗೆ ಕಾಲಿಟ್ಟಿರಲಿಲ್ಲ. ಫೋನ್ ಮಾಡಿದರೆ ಅಕ್ಕನ ಸೊಸೆ ಎತ್ತಿ, ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಅನ್ನುತ್ತಿದ್ದಳು. ದಿನಕ್ಕೆ ಎಷ್ಟು ಸಲ ಸ್ನಾನ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಈಗ ಮೂರನೆಯ ಪಂಪೂ ನಿಂತಿತ್ತು. ಯಜಮಾನಿ ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು.

ಹಳದಿ ತನ್ನ ಬಲ್ಬು ತೆಗೆದ. ಹೋಲ್ಡರಿನಿಂದ ಎರಡು ವೈರು ಹೊರಬಂದ ಹಳೆಯ ಬಲ್ಬು ಅದು. ಒಂದು ವೈರಿನ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸುವುದು, ಇನ್ನೊಂದನ್ನು ಬೇಕಾದ ಕಡೆ ತಾಗಿಸುವುದು. ಮೂವತ್ತು ವರ್ಷದಿಂದ ಅದೇ ಕ್ರಮ. ಈಗಲೂ ಪಂಪಿನ ವೈರಿಗೆ ತಾಗಿಸಿದ, ಬಲ್ಬು ಹತ್ತಿತು. ಮತ್ತೆ ಅದೇ ಮಾತು ಹೇಳಬೇಕಲ್ಲ.

ಭಾವ ಕ್ಯಾಬಿನ್ ಹತ್ತಿ, ಸೀಟಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ತಂದು ಅವನ ಕಾಲ ಬಳಿ ಇಟ್ಟ. ಒಳಗೆ ಹಿಂದಿನ ಎರಡು ಸತ್ತ ಪಂಪುಗಳು, ಹಳೇ ಬಟ್ಟೆಯಲ್ಲಿ ಸುತ್ತಿದ್ದವು.

“ಇವನ್ನ ಇಟ್ಕೊಂಡು ಏನ್ ಮಾಡ್ತೀರಿ ಭಾವ?” ಎಂದ ಹಳದಿ.

“ಕಳ್ಳ ಅಂತ ಹೆಸರು ಬಂದ್ಮೇಲೆ ಗುಜರಿಗೆ ಹಾಕೋಕೂ ಭಯ ಆಯ್ತು. ನೇರ ಬ್ಯಾಟ್ರಿಗೆ ಕೊಟ್ಟು ನೋಡು. ಸತ್ತಿದ್ರೆ ಸತ್ತಿದೆ ಅನ್ನು, ನಾನೇ ಕೀಲಿ ಕೊಟ್ಟು ಹೋಗ್ತೀನಿ.”

ಅದೇನು ನೋಡುವುದು ಎಂದು ಹಳದಿಗೆ ಅನ್ನಿಸಿತು. ಆದರೂ ಭಾವನ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಮೊದಲನೆಯ ಪಂಪಿಗೆ ಎರಡು ವೈರು ಹಾಕಿ ಬ್ಯಾಟರಿಗೆ ಮುಟ್ಟಿಸಿದ. ಪಂಪು ಅವನ ಅಂಗೈಯಲ್ಲೇ ಗುಂಯ್ ಎಂದು ತಿರುಗಿತು. ಎರಡನೆಯದನ್ನು ಮುಟ್ಟಿಸಿದ. ಅದೂ ತಿರುಗಿತು.

ಹಾಗಾದರೆ ಯಾವ ಪಂಪೂ ಸುಟ್ಟಿರಲಿಲ್ಲ. ಅವನೇ ಎರಡು ಜೀವಂತ ಪಂಪುಗಳಿಗೆ ಸಾವಿನ ಸರ್ಟಿಫಿಕೇಟು ಬರೆದುಕೊಟ್ಟಿದ್ದ.

ಅವನು ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ಬಲ್ಬನ್ನೇ ನೋಡಿದ. ಕರೆಂಟು ಬಂದರೆ ಸಾಲದು, ವಾಪಸ್ಸೂ ಹೋಗಬೇಕು. ಪಂಪಿನ ಎರಡನೆಯ ವೈರು ಚಾಸಿಯ, ಅಂದರೆ ಲಾರಿಯ ಅಡಿ ಚೌಕಟ್ಟಿನ, ಕಬ್ಬಿಣಕ್ಕೆ ಬೋಲ್ಟಾಗಿರುತ್ತದೆ, ಅದಕ್ಕೆ ಅರ್ತ್ ಅನ್ನುತ್ತಾರೆ. ಕರೆಂಟು ಆ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳುತ್ತದೆ. ತನ್ನ ಕ್ಲಿಪ್ಪು ಯಾವತ್ತೂ ನೇರ ಬ್ಯಾಟರಿಗೇ ಕಚ್ಚಿಕೊಂಡಿದ್ದರಿಂದ ಬರುವ ದಾರಿಯನ್ನು ಮಾತ್ರ ಅದು ಪರೀಕ್ಷಿಸುತ್ತಿತ್ತು. ಹೋಗುವ ದಾರಿಯನ್ನು ಅವನು ಮೂರು ಸಲವೂ ನೋಡಿಯೇ ಇರಲಿಲ್ಲ. ಕಲಿಯಲು ಬಂದವರಿಗೆ ಮೊದಲ ವಾರದಲ್ಲಿ ಹೇಳಿಕೊಡುವ ಪಾಠ.

ಕ್ಲಿಪ್ಪನ್ನು ಬ್ಯಾಟರಿಯಿಂದ ಬಿಡಿಸಿ ಪಂಪಿನ ಅರ್ತ್ ವೈರಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಕರೆಂಟು ಬರುವ ವೈರಿಗೇ ತಾಗಿಸಿದ. ಝಗ್ಗನೆ ಹತ್ತುತ್ತಿದ್ದ ಬಲ್ಬು ನಿದ್ದೆಗಣ್ಣು ಬಿಟ್ಟ ಹಾಗೆ ಕೆಂಪಗೆ ಮಿಣುಕಿತು. ವಾಪಸ್ ಹೋಗುವ ದಾರಿಯಲ್ಲೇ ಎಲ್ಲೋ ತಡೆ ಇತ್ತು.

ಲಾರಿಯ ಅಡಿ ನುಸುಳಿ ಅಂಗಾತ ಮಲಗಿದ. ಆ ವೈರನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಹೋದ. ಟ್ಯಾಂಕಿನ ಪಟ್ಟಿಯ ಹಿಂದೆ, ಮಣ್ಣು ಗಟ್ಟಿಯಾಗಿ ಅಂಟಿದ ಕಡೆ, ಸ್ಕ್ರೂಡ್ರೈವರಿನಿಂದ ಕೆರೆದ. ಮಣ್ಣಿನ ಕೆಳಗೆ ಹಳದಿ ಬಣ್ಣ ಕಂಡಿತು. ಮೇಲೊಂದು ನೂಲಿನ ಗಂಟು.

ಆಗ ನೆನಪಾಯಿತು. ಹಿಂದಿನ ವರ್ಷ ಹಿಂಬದಿಯ ದೀಪ ಹಾಕುವಾಗ ಹಳೆಯ ಅರ್ತ್ ಬೋಲ್ಟು ತುಕ್ಕು ಹಿಡಿದು ಮುರಿದಿತ್ತು. ಅವಸರದಲ್ಲಿ ಪಂಪಿನ ಅರ್ತನ್ನೂ ದೀಪದ ಅರ್ತನ್ನೂ ಕೂಡಿಸಿ ಪಕ್ಕದ ಬೋಲ್ಟಿಗೆ ಬಿಗಿದಿದ್ದ. ಕೆಳಗಿನ ಪೇಂಟು ಕೆರೆದಿರಲಿಲ್ಲ. ಕರೆಂಟು ಬಿಡದ ಪೇಂಟಿನ ಮೇಲೆ ಕೂತ ಅರ್ತು ಇದ್ದೂ ಇಲ್ಲದ ಹಾಗೆ. ಪಂಪು ಬದಲಿಸಿದಾಗಲೆಲ್ಲ ವೈರು ಎಳೆದಾಡಿ ಸ್ವಲ್ಪ ಕಚ್ಚಿಕೊಳ್ಳುತ್ತಿತ್ತು, ಕೆಲವು ವಾರ ಓಡಿ ಮತ್ತೆ ಬಿಟ್ಟುಕೊಡುತ್ತಿತ್ತು. ಟೇಪು ಮಾತ್ರ ಒಂದು ಎಳೆಯೂ ಬಿಚ್ಚಿಕೊಳ್ಳದೆ ಗಟ್ಟಿಯಾಗಿತ್ತು.

ಹೊರಗೆ ಯಜಮಾನಿಯ ದನಿ ಕೇಳಿತು. ಬಂದಾಗಿತ್ತು. ಕೀಲಿ ಎಲ್ಲಿ ಎಂದು ಭಾವನನ್ನು ಕೇಳುತ್ತಿದ್ದಳು.

ಅವನ ಮುಖದಿಂದ ಒಂದು ಗೇಣು ಮೇಲೆ ಆ ಗಂಟಿತ್ತು. ಬ್ಲೇಡು ಜೇಬಿನಲ್ಲೇ ಇತ್ತು. ಟೇಪು ಕಿತ್ತು ಜೇಬಿಗೆ ಹಾಕಿ, ಪೇಂಟು ಕೆರೆದು, ಬೋಲ್ಟು ಬಿಗಿದು, ಕರಿ ಟೇಪು ಸುತ್ತಿದರೆ ಗಾಡಿ ಓಡುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಭಾವನ ಮೇಲಿನ ಕಳ್ಳನೆಂಬ ಹೆಸರು ಹಾಗೇ ಉಳಿಯುತ್ತದೆ. ಬ್ಲೇಡನ್ನು ಎರಡು ಸಲ ತೆಗೆದ, ಎರಡು ಸಲ ಒಳಗಿಟ್ಟ. ಮೂರನೆಯ ಸಲ ತೆಗೆಯಲಿಲ್ಲ. ಅಲ್ಲಿಂದಲೇ ಕೂಗಿದ.

“ಅಮ್ಮಾವ್ರೆ, ಕೀಲಿ ಇಸ್ಕೋಬೇಡಿ. ಒಂದು ನಿಮಿಷ ಬಗ್ಗಿ ಇಲ್ಲಿ ನೋಡಿ.”

ಆಕೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಅವನು ಟಾರ್ಚು ಬಿಟ್ಟು ಎಲ್ಲವನ್ನೂ ಹೇಳಿದ: ಪೇಂಟು, ಬೋಲ್ಟು, ಬಲ್ಬಿನ ಕ್ಲಿಪ್ಪು, ಚೀಲದ ಪಂಪುಗಳು. ಮಾತು ತಡವರಿಸಿದರೂ ಬಿಡಲಿಲ್ಲ.

“ಡೀಸೆಲ್ಲು?” ಎಂದಳು ಆಕೆ.

“ಡೀಸೆಲ್ಲಲ್ಲಿ ಏನೂ ಇಲ್ಲ. ನಾನು ಬಾಯಿಗೆ ಬಂದದ್ದು ಅಂದೆ.”

ಆಕೆ ನೆಟ್ಟಗೆ ನಿಂತು, ಅಷ್ಟರಲ್ಲಿ ಇಸಿದುಕೊಂಡಿದ್ದ ಕೀಲಿಯನ್ನು ಭಾವನ ಕೈಗೆ ವಾಪಸ್ ಹಾಕಿ, ನಾಳೆ ಎಲ್ಲರ ಎದುರಿಗೂ ಹೇಳುತ್ತೇನೆ ಎಂದಳು. ಲಾರಿಯ ಅಡಿಗೆ ಮಾತ್ರ ತಿರುಗಿ ನೋಡದೆ, “ನನ್ನ ನಾಲ್ಕೂ ಗಾಡೀಲಿ ನಿನ್ನ ಹಳದಿ ಎಲ್ಲೆಲ್ಲಿದೆಯೋ ಬಿಚ್ಚಿ ತೋರ್ಸು. ಆಮೇಲೆ ನೋಡೋಣ” ಎಂದು ಹೋದಳು.

ಪೇಂಟು ಕೆರೆದು ಕಬ್ಬಿಣ ಹೊಳೆಯುವವರೆಗೆ ಉಜ್ಜಿದ. ಬೋಲ್ಟು ಬಿಗಿದ ಮೇಲೆ ಪಂಪು ತಿರುಗಿತು, ಇಂಜಿನ್ನು ಎದ್ದಿತು. ಭಾವ ಕ್ಯಾಬಿನ್ನಿನಿಂದ ಇಳಿದು ಬಂದು ಟಾರ್ಚು ಹಿಡಿದು ನಿಂತಿದ್ದ.

“ಅಕ್ಕಂಗೆ ನೀವೇ ಹೇಳ್ತೀರಾ ಭಾವ?”

“ನೀನೇ ಬಂದು ಹೇಳು. ಸ್ನಾನ ಮುಗ್ಸಿರ್ತಾಳೆ.”

ಹಳದಿಗೆ ನಗು ಬರಲಿಲ್ಲ. ಶೆಡ್ಡಿನ ಎದುರಿನ ರಸ್ತೆಯಲ್ಲಿ ಒಂದರ ಹಿಂದೆ ಒಂದು ಲಾರಿಗಳು ಏರು ಹತ್ತುತ್ತಿದ್ದವು. ಅವುಗಳಲ್ಲಿ ಎಷ್ಟರ ಹೊಟ್ಟೆಯಲ್ಲಿ ತನ್ನ ಗಂಟಿದೆ, ಅವುಗಳಲ್ಲಿ ಎಷ್ಟನ್ನು ಅವಸರದಲ್ಲಿ ಹಾಕಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ಬಿಚ್ಚಬೇಡಿ ಎಂದು ಎಲ್ಲರಿಗೂ ಹೇಳಿದ್ದವನು ಅವನೇ.