ಮಗಳ ಬಾಯಿ ತೆರೆಸುವ ಕೆಲಸ

ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಮ್ಮ ಮಧುವನಹಳ್ಳಿಯಲ್ಲಿ ನಗುತ್ತಾರೆ. ಮುರಿದು, ಸಾರಿಗೆ ಅದ್ದಿ, ನುಂಗಬೇಕು. ನನ್ನ ಮಗಳು ನಾಲ್ಕು ವರ್ಷಕ್ಕೇ ಹಾಗೆ ನುಂಗಿದಾಗ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಅದೇ ವರ್ಷ ಅವಳು ಜಗಲಿಯಿಂದ ಬಿದ್ದು ಗದ್ದ ಒಡೆದುಕೊಂಡಳು. ಗಾಯವೇನೋ ಮಾಯಿತು. ಆದರೆ ಒಳಗೆ, ಕಿವಿಯ ಮುಂದಿನ ಕೀಲಿನಲ್ಲಿ ಮೂಳೆಗೆ ಮೂಳೆ ಅಂಟಿಕೊಂಡು ಬಾಯಿ ಮುಚ್ಚುತ್ತಾ ಬಂತು. ಯಾರಿಗೂ ತಿಳಿಯಲಿಲ್ಲ. ಮುದ್ದೆ ಇಳಿಯುತ್ತಿತ್ತಲ್ಲ! ತುತ್ತು ಚಿಕ್ಕದಾದದ್ದನ್ನು ನಾಜೂಕು ಅಂದುಕೊಂಡೆವು. ಎರಡನೇ ಕ್ಲಾಸಿನ ಹೊತ್ತಿಗೆ ಹಲ್ಲಿನ ನಡುವೆ ಬೆರಳೂ ತೂರುತ್ತಿರಲಿಲ್ಲ.

ಮೈಸೂರಿನ ಡಾಕ್ಟರು ಕಂಪ್ಯೂಟರಿನಲ್ಲಿ ಅವಳ ತಲೆಬುರುಡೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಎಲ್ಲಿ ಕೊಯ್ಯಬೇಕು, ಕೆಟ್ಟ ಕೀಲಿಗೆ ಬದಲಾಗಿ ಅವಳದೇ ಪಕ್ಕೆಲುಬಿನ ಚೂರನ್ನು ಎಲ್ಲಿ ಕೂರಿಸಬೇಕು, ಎಲ್ಲಕ್ಕೂ ಗೆರೆ. ಅದೇ ಅಳತೆಯ ಪ್ಲಾಸ್ಟಿಕ್ ದವಡೆಯೊಂದನ್ನು ನನ್ನ ಕೈಗೂ ಕೊಟ್ಟರು. ಹೆತ್ತವಳಿಗೆ ಅದನ್ನೆಲ್ಲ ಕೊಡಬಾರದು. ಆಪರೇಷನ್ ಮಾತ್ರ ಅಂದುಕೊಂಡಂತೆಯೇ ಆಯಿತು. "ನಮ್ಮ ಕೆಲಸ ಅರ್ಧ. ದಿನಾ ಕಡ್ಡಿ ಇಟ್ಟು ಬಾಯಿ ತೆರೆಸಿ, ಗಟ್ಟಿ ಪದಾರ್ಥ ಅಗಿಸಿ. ನೋಯುತ್ತೆ. ಬಿಟ್ಟರೆ ಮತ್ತೆ ಅಂಟಿಕೊಳ್ಳುತ್ತೆ" ಅಂದರು.

ನಾನು ಕೊಳ್ಳೇಗಾಲದ ಸೀರೆ ಅಂಗಡಿಯ ಕೆಲಸಕ್ಕೆ ಮರಳಿದ ಮೇಲೆ ಬಾಯಿ ತೆರೆಸುವುದು ಅತ್ತೆಯ ಪಾಲಿಗೆ ಬಿತ್ತು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ತುರುಕಬೇಕು. ಮಗಳು ಅತ್ತರೆ ಅತ್ತೆ ಕಡ್ಡಿ ಎಸೆದು, ಮೆತ್ತಗೆ ಮುದ್ದೆ ತಿರುವಿ, ಗೋಲಿಯಷ್ಟು ಮಾಡಿ ನುಂಗಿಸುತ್ತಿದ್ದರಂತೆ. ಸಂಜೆ ಕೇಳಿದರೆ "ಎಲ್ಲಾ ಆಯ್ತು ಕಣವ್ವ" ಅನ್ನುತ್ತಿದ್ದರು.

ಮುಂದಿನ ಸಲ ಹೋದಾಗ ಡಾಕ್ಟರು ಅಳತೆ ಹಿಡಿದು ಹುಬ್ಬು ಗಂಟಿಕ್ಕಿದರು. ಬಾಯಿ ತೆರೆಯುವುದು ಅರ್ಧಕ್ಕಿಳಿದಿತ್ತು. ಮನೆಗೆ ಬಂದು ಅತ್ತೆಯ ಮೇಲೆ ಕೂಗಾಡಿದೆ.

"ಮಗಾ ಅಂಗೆ ಅಳ್ತಿದ್ರೆ ಎಂಗವ್ವ ತುರುಕ್ಲಿ? ಮುದ್ದೆ ನುಂಗ್ತಿತ್ತಲ್ಲ" ಅಂತ ಅವರೂ ಅತ್ತರು. ನನಗೆ ಪಾಪ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ.

ಕೆಲಸ ಬಿಟ್ಟೆ. ಈಗ ಕಡ್ಡಿ ನನ್ನ ಕೈಯಲ್ಲಿದೆ. ಬಾಯಿ ಉಳಿಯುತ್ತದೋ ಮತ್ತೆ ಕೊಯ್ಯಬೇಕೋ, ಡಾಕ್ಟರೂ ಹೇಳುತ್ತಿಲ್ಲ. ಮೊದಮೊದಲು ಮಗಳು ನನ್ನ ಹೆಜ್ಜೆ ಸದ್ದಿಗೇ ಮಂಚದ ಕೆಳಗೆ ತೂರುತ್ತಿದ್ದಳು. ಈಗ ತಾನೇ ಬಂದು ಎದುರಿಗೆ ಕೂರುತ್ತಾಳೆ. ಕಡ್ಡಿ ಇಟ್ಟರೆ ಕಣ್ಣಲ್ಲಿ ನೀರು ಸುರಿಯುತ್ತದೆ, ಸದ್ದಿಲ್ಲ. ಅದನ್ನು ನೋಡಲಾರದೆ ನಿನ್ನೆ, "ಅಳು ಕಣೇ, ಜೋರಾಗಿ ಅತ್ತುಬಿಡು" ಅಂದೆ.

ಅವಳು ಕಡ್ಡಿಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ನಾ ಅತ್ರೆ ನೀನೂ ಅಜ್ಜಿ ತರ ಬಿಟ್ಬುಡ್ತೀಯ."