ಬರ್ತೀನಿ ಎಂದ ಮೇಲೆ

ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು. ನಮ್ಮ ಹರಪನಹಳ್ಳಿಯಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ತಪ್ಪಿದರೆ ಬೈಯುತ್ತಾರೆ, ಅಷ್ಟೇ. ಡಿಗ್ರಿ ಮುಗಿಸಿ ಆರು ತಿಂಗಳ ಸ್ವಯಂಸೇವೆಗೆ ತಾಂಜಾನಿಯಾಕ್ಕೆ ಹೊರಟ ದಿನ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಸರದಲ್ಲಿ “ಹೊಂಟೆ ಬೇ” ಎಂದುಬಿಟ್ಟೆ.

“ಹೊಂಟೆ ಅನಬ್ಯಾಡ. ಇಳಿ ಕೆಳಗ,” ಎಂದಳು ಅವ್ವ.

ಇಳಿದೆ. “ಹೋಗಿ ಬರ್ತೀನಿ” ಎಂದು ಮತ್ತೆ ಹತ್ತಿದೆ. ಕಿಟಕಿ ಪಕ್ಕದ ಮುದುಕರೊಬ್ಬರು ಅವ್ವನನ್ನೇ ಕೇಳಿದರು: “ಈಗ ಬಸ್ ಬಿಡಬಹುದೇನ್ರಿ ತಾಯೇರ?”

ತಾಂಜಾನಿಯಾದಲ್ಲಿ ನಮ್ಮ ಸಂಯೋಜಕ ಹಡಗಲಿ ಕಡೆಯವನು. ಎರಡು ವರ್ಷದಿಂದ ಅಲ್ಲೇ ಇದ್ದ. ನನಗೆ ಮೊದಲ ದಿನವೇ ಅಣ್ಣನಾದ. ಕೆಲಸ ಸರಳ: ಮನೆಮನೆಗೆ ಹೋಗಿ ಕಣ್ಣು ಮಂಜಾದವರ ಹೆಸರು ಬರೆದುಕೊಳ್ಳುವುದು, ಎರಡು ವಾರಕ್ಕೊಮ್ಮೆ ಶಾಲೆಯ ಮೈದಾನಕ್ಕೆ ಬರುವ ಆಸ್ಪತ್ರೆಯ ವ್ಯಾನಿಗೆ ಬರಲು ಹೇಳುವುದು. ಅಲ್ಲಿಯ ಸ್ವಾಹಿಲಿಯಲ್ಲಿ ನಾನು ಮೊದಲು ಕೇಳಿ ಕಲಿತದ್ದು ಒಂದೇ ಮಾತು: “ಅಣ್ಣಾ, ಬರ್ತೀನಿ ಅನ್ನಾಕ ಏನಂತಾರ?”

“ನಿತಕುಜಾ. ಅದೊಂದು ಕಲ್ತ್ರ ಸಾಕು ತಂಗಿ, ಎಲ್ಲಾ ಮನಿ ಬಾಗಿಲಾ ತೆಗೀತಾವ.”

ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ. ಹತ್ತು ದಿನದಲ್ಲಿ ನಲವತ್ತಮೂರು ಮನೆ. ಪ್ರತಿ ಮನೆಯಲ್ಲೂ ವ್ಯಾನಿನ ದಿನ ಹೇಳಿ, ಹೊಸ್ತಿಲು ದಾಟುವಾಗ “ನಿತಕುಜಾ”. ನಲವತ್ತಮೂರು ಸಲ.

ಹನ್ನೊಂದನೆಯ ದಿನ ವ್ಯಾನ್ ಬಂತು. ಐದು ಜನ ಬರಲಿಲ್ಲ. ಅವರಲ್ಲಿ ಚಾಪೆ ಹೆಣೆಯುವ ಅಜ್ಜಿಯೂ ಒಬ್ಬಳು. ಎರಡೂ ಕಣ್ಣಿಗೆ ಪೊರೆ. ಹೆಣಿಗೆಯ ಎಳೆಯನ್ನು ತುಟಿಗೆ ತಾಗಿಸಿ ಹುಡುಕುತ್ತಿದ್ದಳು. ಸಂಯೋಜಕ ರಿಜಿಸ್ಟರು ತೆಗೆದು, ಐದು ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆಸಿದ. ಹಾಗೆ ಬರೆದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಬರೆದವಳು ನಾನೇ. ನನ್ನದೇ ಅಕ್ಷರ.

ಮರುದಿನ ಅಜ್ಜಿಯ ಮನೆ ಮುಂದೆ ಹಾದುಹೋಗುವಾಗ ಬಾಗಿಲು ತೆರೆದೇ ಇತ್ತು. ಒಗೆದ ಬಟ್ಟೆ ಉಟ್ಟು ಕೂತಿದ್ದಳು. ನನ್ನ ದನಿ ಕೇಳಿ ಏನೋ ಜೋರಾಗಿ ಅಂದಳು. ಜೊತೆಯಲ್ಲಿದ್ದ ಶಾಲೆಯ ಟೀಚರ್‌ ಇಂಗ್ಲಿಷಿನಲ್ಲಿ ಹೇಳಿದಳು: ನಿನ್ನೆ ಬೆಳಗಿನಿಂದ ಕಾಯುತ್ತಿದ್ದಾಳಂತೆ. ನೀನು ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆಯಂತೆ.

“ನಾನು ಯಾವಾಗ ಅಂದೆ?”

“ನಿತಕುಜಾ ಅನ್ನಲಿಲ್ಲವಾ? ಬರ್ತೀನಿ ಅಂದರೆ ಬರಬೇಕಲ್ಲ.”

ಅದು ನಾವು ಹೊರಡುವಾಗ ಆಡುವ ಮಾತು ಎಂದು ವಿವರಿಸಲು ಹೋದೆ. ಟೀಚರ್‌ಗೆ ಅರ್ಥವಾಗಲಿಲ್ಲ. ಹೋಗುವವರು ಬರ್ತೀನಿ ಎನ್ನುತ್ತಾರೆಯೇ? ಉಳಿದ ನಾಲ್ಕು ಮನೆಗೂ ಹೋದೆವು; ಒಬ್ಬರೇ ನಡೆದು ಬರಲಾಗದ ಅವರೂ ಹಾಗೇ ಕಾದಿದ್ದರು.

ಕಚೇರಿಗೆ ಹೋಗಿ ಹಳೆಯ ರಿಜಿಸ್ಟರುಗಳನ್ನು ತೆಗೆದೆ. ನಾನು ಬರುವ ಮೊದಲೇ ‘ಆಸಕ್ತಿ ಇಲ್ಲ’ ಇಪ್ಪತ್ತಾರು. ಅಷ್ಟೂ ಮನೆಗೆ ಹೋದವನು ಸಂಯೋಜಕ. ಅಷ್ಟೂ ಹೊಸ್ತಿಲಲ್ಲಿ ಅವನೂ ನನಗೆ ಕಲಿಸಿದ ಆ ಮಾತನ್ನೇ ಅಂದಿರಬೇಕು.

“ಅವ್ರು ನಮ್ಮ ಹಾದಿ ಕಾದ್ಕೊಂಡು ಕುಂತಿದ್ರು ಅಣ್ಣಾ,” ಎಂದೆ.

ಅವನು ನಕ್ಕ. “ಎರಡು ವರ್ಷದಿಂದ ನೋಡೀನಿ ತಂಗಿ. ಈ ಮಂದಿಗೆ ನೆವ ಬೇಕು. ನೀ ಬಂದು ಇನ್ನಾ ಹನ್ನೆರಡು ದಿನ ಆಗೈತಿ.”

“ಹಡಗಲ್ಯಾಗ ನಿಮ್ಮವ್ವಗ ಏನಂದು ಬಂದ್ರಿ? ಹೋಗಿ ಬರ್ತೀನಿ ಅಂದಿಲ್ಲೇನು? ಆಕಿ ಕಾಯಾಕತ್ತಿದ್ರ ಆಕಿಗೂ ಆಸಕ್ತಿ ಇಲ್ಲಂತ ಬರಿತೀರೇನ್ರಿ?”

ಅಣ್ಣ ಹೋಗಿ ‘ರೀ’ ಬಂದಿದ್ದು ಅವನಿಗೂ ಕೇಳಿಸಿತು. ಮುಖ ಬಿಗಿಯಾಯಿತು. “ರಿಜಿಸ್ಟರ್ ಮುಟ್ಟಬ್ಯಾಡ. ಅದು ಮ್ಯಾಲಿನವರು ನೋಡಾದು.”

ಮುಟ್ಟಿದೆ. ಕೆಂಪು ಪೆನ್ನಿನಲ್ಲಿ ನನ್ನ ಐದೂ ಸೇರಿ ಮೂವತ್ತೊಂದೂ ಸಾಲು ಹೊಡೆದುಹಾಕಿ, ಪ್ರತಿಯೊಂದರ ಮುಂದೆ ‘ನಾವು ಹೋಗಲಿಲ್ಲ’ ಎಂದು ಬರೆದೆ. ಅವನ ಮೇಲಿನ ಸಿಟ್ಟೆಷ್ಟು, ನನ್ನ ಮೇಲಿನದೆಷ್ಟು ಎಂದು ಎಣಿಸಲಾಗಲಿಲ್ಲ. ಹೆಸರು ಪಟ್ಟಿಗೆ ಮತ್ತೆ ಸೇರಲು ಅವನ ಸಹಿ ಬೇಕಿತ್ತು. ಮೂರು ದಿನ ಅವನ ಮೇಜಿನ ಮುಂದೆ ನಿಂತೆ. ಕೊನೆಗೆ ನನ್ನ ಐದಕ್ಕೆ ಸಹಿ ಹಾಕಿದ. ತನ್ನ ಇಪ್ಪತ್ತಾರಕ್ಕೆ ಹಾಕಲಿಲ್ಲ. ಅವು ಈಗಲೂ ನನ್ನ ಡೈರಿಯಲ್ಲಿವೆ, ಹೆಸರು ಸಮೇತ. ಮೇಲಿನವರಿಗೆ ಎರಡು ಸಲ ಪತ್ರ ಬರೆದೆ. ಉತ್ತರ ಸೊನ್ನೆ.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ಅಜ್ಜಿಯ ಮನೆಗೆ ನಾನೇ ಹೋಗಿ ಕೈಹಿಡಿದು ವ್ಯಾನಿಗೆ ಹತ್ತಿಸಿದೆ. ಬಲಗಣ್ಣು ತಡವಾಗಿದೆ ಎಂದರು ಡಾಕ್ಟರು; ಎಡಗಣ್ಣಿಗೆ ಆಪರೇಷನ್ನಿನ ದಿನ ಕೊಟ್ಟರು. ಸಂಜೆ ಅವಳನ್ನು ಮನೆ ಮುಟ್ಟಿಸಿ ಹೊಸ್ತಿಲಲ್ಲಿ ನಿಂತಾಗ ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಟೀಚರ್ ಕಲಿಸಿದ್ದನ್ನು ಅಂದೆ: “ನಾಯೆಂದಾ.” ಹೋಗ್ತೀನಿ.

ಅವ್ವ ಇದ್ದಿದ್ದರೆ ಅಲ್ಲೇ ಬೈಯುತ್ತಿದ್ದಳು. ಅಜ್ಜಿ ಅರ್ಥವಾದಂತೆ ತಲೆಯಾಡಿಸಿ, ಗೋಡೆ ತಡವುತ್ತ ಹೋಗಿ ಬಾಗಿಲು ಹಾಕಿಕೊಂಡಳು.